ದೀಪ ಹಚ್ಚುವ ಹೊತ್ತಿಗೆ ಬಂದ ಪಾಪ್-ಅಪ್‌ಗಳು

ಮಾತಿನ ನಡುವೆ ಯಾರಾದರೂ ಬಾಯಿ ಹಾಕಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಮದುವೆಮನೆಯಿರಲಿ, ಬಸ್ಸಿರಲಿ, ‘ಅವರ ಮಾತು ಮುಗೀಲಿ, ತಡೀರಿ’ ಅಂತ ಗದರಿಸಿಯೇಬಿಡುತ್ತೇನೆ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಇದನ್ನು ನನ್ನ ತವರೂರು ಇಂಡಿಯ ಗುಣ ಅನ್ನುತ್ತಾರೆ. ‘ಇಂಡಿ ನಿಂಬಿಹಣ್ಣು, ಹಿಂಡಿದಷ್ಟೂ ಹುಳಿ’ ಎಂಬುದು ಅವರ ಹಳೆಯ ಚೇಷ್ಟೆ. ಪಾಪ, ಇಂಡಿಯದೇನೂ ತಪ್ಪಿಲ್ಲ. ಈ ಸಿಟ್ಟನ್ನು ನನಗೆ ಕಲಿಸಿದ್ದು ಬಸವನ ಬಾಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿದ್ದ ಕಂಪ್ಯೂಟರು. ಅದರೊಳಗಿಂದ ಕರೆಯದೆ ಎದ್ದು ಬರುತ್ತಿದ್ದ, ಬಂದರೆ ಹೋಗದ ಆ ಪಾಪ್-ಅಪ್ ಡಬ್ಬಿಗಳು. ಅವುಗಳ ವಂಶ ನಿರ್ವಂಶವಾಗಲಿ ಅಂತ ನಾನು ಶಪಿಸಿದ್ದಕ್ಕೆ ಲೆಕ್ಕವಿಲ್ಲ.

ಆ ಕಂಪ್ಯೂಟರನ್ನು ನಾವು ತಂದದ್ದು ಶೋಕಿಗಲ್ಲ. ನಮ್ಮ ಅತ್ತೆಗೆ ಮಗಳ ಮುಖ ತೋರಿಸಬೇಕಾಗಿತ್ತು. ಕಣ್ಣು ಪೂರ್ತಿ ಹೋಗುವುದರೊಳಗೆ, ಒಂದೇ ಒಂದು ಸಲ.

ಅತ್ತೆಗೆ ಇಬ್ಬರೇ ಮಕ್ಕಳು. ದೊಡ್ಡವರು ನಮ್ಮ ಮನೆಯವರು, ಆಲಮಟ್ಟಿಯ ಆಣೆಕಟ್ಟಿನ ಕಚೇರಿಯಲ್ಲಿ ಕೆಲಸ. ಮುಂಜಾನೆ ಬಸ್ಸು ಹತ್ತಿದರೆ ಕತ್ತಲಾದ ಮೇಲೆಯೇ ಮನೆ. ಚಿಕ್ಕವಳು ನನ್ನ ನಾದಿನಿ, ನರ್ಸು. ವಿಜಾಪುರದಲ್ಲಿ ಕಲಿತು, ಅಲ್ಲಿಯೇ ಕೆಲವು ಕಾಲ ಕೆಲಸ ಮಾಡಿ, ಸೌದಿಯ ಒಂದು ದವಾಖಾನೆಗೆ ಹೋದಳು. ಊರೆಲ್ಲ ಬಾಯಿಗೆ ಬಂದಂತೆ ಆಡಿಕೊಂಡಿತು. ಅತ್ತೆ ಮಾತ್ರ ಅವಳ ಉಡಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ, ‘ಹೋಗಿ ಬಾ’ ಅಂದು ಬಾಗಿಲಲ್ಲಿ ನಿಂತರು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಒಳಗೆ ಬರಲಿಲ್ಲ. ಆಗಲೇ ಅವರಿಗೆ ಅಕ್ಕಪಕ್ಕದ್ದು ಕಾಣುವುದು ನಿಂತಿತ್ತೆಂದು ಯಾರಿಗೆ ಗೊತ್ತು! ಕೆಲವು ತಿಂಗಳಲ್ಲಿ ಬಾಗಿಲ ಚೌಕಟ್ಟಿಗೆ ಭುಜ ಬಡಿಯತೊಡಗಿತು, ಲೋಟ ಬಿಟ್ಟು ನೆಲಕ್ಕೆ ಮಜ್ಜಿಗೆ ಬೀಳತೊಡಗಿತು. ಪೊರೆ ಬಂದಿರಬೇಕು, ತೆಗೆಸಿದರಾಯಿತು ಅಂದುಕೊಂಡು ನಾವು ಮಿರಜದ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆವು.

‘ಇದು ಪೊರಿ, ಮೋತಿಬಿಂದು ಅಲ್ರಿ, ಕಾಚಬಿಂದು, ಗ್ಲಾಕೋಮಾ’ ಅಂದರು ಡಾಕ್ಟರು. ‘ಹೋದದ್ದು ವಾಪಸ್ ಬರೂದಿಲ್ಲ. ಉಳಿದದ್ದು ಎಷ್ಟು ದಿನಾ ಇರ್ತೇತಿ ಅಂತ ನಾ ಹೇಳಾಕ ಆಗೂದಿಲ್ಲ. ದೀಪಕ್ಕ ಎಣ್ಣಿ ಬಿಟ್ಟಂಗ ದಿನಾ ಕಣ್ಣಿಗೆ ಔಷಧಾ ಬಿಡ್ರಿ. ಮತ್ತ, ಅವರಿಗೇನರೆ ನೋಡಬೇಕಂತ ಇದ್ರ ಈಗ ತೋರಿಸಿಬಿಡ್ರಿ.’

ಬರುವಾಗ ಬಸ್ಸಿನಲ್ಲಿ ನಮ್ಮ ಮನೆಯವರು ಮೆಲ್ಲಗೆ ಕೇಳಿದರು, ‘ಯವ್ವಾ, ಶ್ರೀಶೈಲಕ್ಕ ಹೋಗಿ ಬರೂಣೇನು? ಕಾಶಿಗೆ?’

‘ಶ್ರೀಶೈಲದ ದೇವರು ಎಲ್ಲಿ ಹೋಗ್ತಾನಪಾ, ಕಣ್ಣು ಮುಚ್ಚಿದ್ರೂ ಕಾಣ್ತಾನ’ ಅಂದರು ಅತ್ತೆ. ‘ನನ್ನ ಮಗಳ ಮಾರಿ ಒಮ್ಮೆ ತೋರಿಸು.’

ಮಗಳಿಗೆ ಕರಾರು ಮುಗಿಯುವ ತನಕ ರಜೆಯಿಲ್ಲ. ಪಾಸ್‌ಪೋರ್ಟು ದವಾಖಾನೆಯವರ ಕಪಾಟಿನಲ್ಲಿ. ಫೋನು ಮಾಡುತ್ತಿದ್ದಳು, ಪಾಪ, ಎರಡು ಮಾತಿಗೆ ಕಾರ್ಡು ಮುಗಿಯುತ್ತಿತ್ತು. ಫೋಟೋ ಕಳಿಸಿದ್ದಳು. ಅತ್ತೆ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ, ‘ಇದು ಕಣ್ಣು ಪಿಳುಕಿಸೂದಿಲ್ಲಲ್ಲ’ ಅಂತ ನನ್ನ ಕೈಗೆ ಕೊಟ್ಟುಬಿಟ್ಟರು. ಆಗ ನಮ್ಮ ಮನೆಯವರ ಕಚೇರಿಯಲ್ಲಿ ಯಾರೋ ಹೇಳಿದರಂತೆ, ಈಗ ಕಂಪ್ಯೂಟರಿಗೆ ಕ್ಯಾಮೆರಾ ಹಚ್ಚಿದರೆ ಮುಖ ನೋಡುತ್ತ ಮಾತಾಡಬಹುದು ಅಂತ. ವಿಜಾಪುರದಿಂದ ಜೋಡಿಸಿದ ಕಂಪ್ಯೂಟರೊಂದು ಬಂತು, ಗೋಲಿಗಾತ್ರದ ಕಣ್ಣಿನ ಕ್ಯಾಮೆರಾ ಬಂತು. ಟೆಲಿಫೋನಿನ ತಂತಿಯನ್ನೇ ಅದಕ್ಕೆ ಸಿಕ್ಕಿಸಬೇಕು. ನಾನು ಬಿ.ಕಾಂ. ಮುಗಿಸಿ ಇಂಡಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದವಳಾದ್ದರಿಂದ ಅದರ ಸಾರಥ್ಯವೆಲ್ಲ ನನ್ನ ತಲೆಗೆ ಬಂತು.

ನಾದಿನಿಯ ಹಾಸ್ಟೆಲಿನಲ್ಲಿ ನರ್ಸುಗಳೆಲ್ಲರಿಗೂ ಸೇರಿ ಒಂದು ಕಂಪ್ಯೂಟರು. ಅವಳ ಪಾಳಿ ಶುಕ್ರವಾರ ಸಾಯಂಕಾಲ, ಅವಳ ಗಡಿಯಾರದಲ್ಲಿ ನಾಲ್ಕು. ನಮ್ಮಲ್ಲಿ ಅದು ಸರಿಯಾಗಿ ಮೂರುಸಂಜೆ, ದೀಪ ಹಚ್ಚುವ ಹೊತ್ತು. ಬೇರೆ ಹೊತ್ತು ಕೇಳಿದರೆ ಸಿಗುವಂತಿರಲಿಲ್ಲ. ಶುಕ್ರವಾರ ಬಂತೆಂದರೆ ಅತ್ತೆ ಮಧ್ಯಾಹ್ನವೇ ತಲೆ ಬಾಚಿಕೊಂಡು, ವಿಭೂತಿ ಹಚ್ಚಿಕೊಂಡು, ಮಡಚಿಟ್ಟ ಇಳಕಲ್ ಸೀರೆ ಉಟ್ಟುಕೊಂಡು ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಹೊತ್ತಾದಂತೆ ನಾನು ಕಂಪ್ಯೂಟರು ಚಾಲೂ ಮಾಡಿ, ಫೋನು ಹಚ್ಚಿ, ಅದು ಕಿರಿಚಿ ಗೊರಗುಟ್ಟಿ ಸುಮ್ಮನಾದ ಮೇಲೆ ದೇವರ ಜಗುಲಿಯ ಕಡೆ ಓಡುತ್ತಿದ್ದೆ. ದೀಪ ಹಚ್ಚಬೇಕು, ಹಾಲು ಕಾಯಿಸಬೇಕು, ಅಂಗಳಕ್ಕೆ ನೀರು ಹಾಕಬೇಕು. ‘ಆಕಿ ಬಂದು, ಮನ್ಯಾಗ ಯಾರೂ ಇಲ್ಲಂತ ಹೊಳ್ಳಿ ಹೋಗಬಾರದು’ ಅಂತ ಅತ್ತೆ ಮಾತ್ರ ಯಂತ್ರದ ಮುಂದೆ ಕಾವಲು.

ಮೊದಲನೆಯ ಶುಕ್ರವಾರ ದನಿ ಬಂತು, ಚಿತ್ರ ಬರಲಿಲ್ಲ. ಮುಂದಿನ ಶುಕ್ರವಾರ ಚಿತ್ರ ಬಂತು. ಮೇಲಿಂದ ಕೆಳಗೆ ಸ್ವಲ್ಪಸ್ವಲ್ಪವಾಗಿ ಇಳಿಯುತ್ತಿತ್ತು. ಮೊದಲು ಕೂದಲು, ಆಮೇಲೆ ಹಣೆ, ಆಮೇಲೆ ಹುಬ್ಬು. ಅತ್ತೆ ಕುರ್ಚಿಯ ತುದಿಗೆ ಬಂದಿದ್ದರು. ಕಣ್ಣು ಬಂತು ಅನ್ನುವಷ್ಟರಲ್ಲಿ ಟಣ್ ಅಂತ ಒಂದು ಡಬ್ಬಿ ಎದ್ದು ನಾದಿನಿಯ ಮುಖದ ಮೇಲೆ ಕೂತಿತು. ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಅಂತ ಇಂಗ್ಲಿಷಿನಲ್ಲಿ. ಅದನ್ನು ಮುಚ್ಚಿದೆ, ಎರಡು ಬಂದವು. ಎರಡನ್ನು ಮುಚ್ಚುವಷ್ಟರಲ್ಲಿ ಪರದೆಯ ತುಂಬ ಜೂಜು, ಬಹುಮಾನ, ಅರ್ಧಂಬರ್ಧ ಬಟ್ಟೆಯ ಹೆಣ್ಣುಮಕ್ಕಳು.

‘ಯಾರವಾ ಈಕಿ ಅರಬತ್ತಲಿ?’ ಅಂದರು ಅತ್ತೆ ಗಾಬರಿಯಿಂದ. ‘ನಮ್ಮಾಕಿ ಅಲ್ಲಲ್ಲ?’

‘ಅಲ್ರಿ ಅತ್ತೀ, ಯಾರೋ ಹಾದಿಬೀದಿಯವರು!’

‘ಹಂಗಾದ್ರ ನಮ್ಮಾಕಿ ಎಲ್ಲಿ ಹೋದ್ಲು?’

ನಮ್ಮಾಕಿ ಡಬ್ಬಿಗಳ ಅಡಿಯಲ್ಲಿ ಸಿಕ್ಕಿಕೊಂಡಿದ್ದಳು. ‘ಯವ್ವಾ, ಯವ್ವಾ’ ಅನ್ನುವ ಅವಳ ದನಿ ತುಂಡುತುಂಡಾಗಿ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಮೌಸು ಅಲ್ಲಾಡಲಿಲ್ಲ, ಯಂತ್ರವೇ ಕಲ್ಲಾಯಿತು. ಅತ್ತೆ ಕತ್ತಲಾಗುವ ತನಕ ಅಲ್ಲಿಂದ ಏಳಲಿಲ್ಲ. ‘ಹಣಿ ಕಾಣಿಸ್ತು’ ಅಂದರು ಊಟದ ಹೊತ್ತಿಗೆ. ‘ನಮ್ಮಪ್ಪನ ಹಣಿ ಐತಿ ಆಕಿದು.’

ಆವತ್ತಿನಿಂದ ನನ್ನ ಹೋರಾಟ ಶುರುವಾಯಿತು. ಒಂದು ಡಬ್ಬಿ ತಾನಾಗಿಯೇ ಬಂದು ಹೇಳಿತು, ಈ ಕಾಟ ನಿಲ್ಲಿಸುವ ಪ್ರೋಗ್ರಾಂ ನನ್ನ ಹತ್ತಿರ ಇದೆ, ಬೇಕೇ? ದೇವರೇ ಬಂದಂತಾಯಿತು ನನಗೆ. ಇಳಿಸಿಕೊಂಡೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಮಾರನೆಯ ದಿನದಿಂದ ಆ ಪ್ರೋಗ್ರಾಂನ ಡಬ್ಬಿಗಳೇ ಎಲ್ಲರಿಗಿಂತ ಮುಂದೆ. ಸಿಂದಗಿಯಿಂದ ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದೆವು. ಅವರು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಟ್ಟು, ‘ಇನ್ನ ನೀರು ಕುಡದಂಗ ನಡೀತೇತ್ರಿ, ಯಾವುದಕ್ಕೂ ಯೆಸ್ ಒತ್ತಬ್ಯಾಡ್ರಿ’ ಅಂದು ಹೋದರು. ನಾನು ಒತ್ತಲಿಲ್ಲ. ಯಾರು ಏನು ಕೇಳಿದರೂ ನೋ, ನೋ, ನೋ. ಕನಸಿನಲ್ಲಿಯೂ ನೋ. ಆದರೂ ಕೆಲವು ಶುಕ್ರವಾರ ಕಳೆಯುವಷ್ಟರಲ್ಲಿ ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂತ ಡಬ್ಬಿಗಳೆಲ್ಲ ಮರಳಿ ಬಂದು ಕೂತವು.

ಅತ್ತೆಯ ಕಣ್ಣು ಅತ್ತ ದಿನದಿನಕ್ಕೆ ಕಿರಿದಾಗುತ್ತಿತ್ತು. ‘ಪಾಂವಲಿಯಷ್ಟು ಕಾಣ್ತೇತಿ, ಸುತ್ತೂಕಡೆ ಹೊಗಿ’ ಅನ್ನುತ್ತಿದ್ದರು. ಪಾಂವಲಿ ಅಂದರೆ ನಾಲ್ಕಾಣೆಯ ನಾಣ್ಯ. ಶುಕ್ರವಾರಗಳು ಉರುಳುತ್ತಿದ್ದವು. ಒಂದು ವಾರ ಗಲ್ಲದ ತುದಿ, ಒಂದು ವಾರ ಕಿವಿಯೋಲೆ. ಪೂರ್ತಿ ಮುಖ ಒಮ್ಮೆಯೂ ಇಲ್ಲ. ಎರಡೂ ಕೈಯಿಂದ ಪರದೆಯನ್ನು ಹಿಡಿದು ಆ ಡಬ್ಬಿಗಳನ್ನು ಉಗುರಿನಿಂದ ಕೆರೆದು ತೆಗೆಯಬೇಕು ಅನ್ನಿಸುತ್ತಿತ್ತು. ಒಂದು ದಿನ ನಿಜಕ್ಕೂ ಗಾಜಿನ ಮೇಲೆ ಗುದ್ದಿದೆ. ಕೈ ಊದಿಕೊಂಡಿತು. ದೇವರ ಮುಂದೆ ಕೂತು ಅಳತೊಡಗಿದೆ, ಇಂಥದ್ದಕ್ಕೆಲ್ಲ ದೇವರ ಹತ್ತಿರ ಅಳುತ್ತಾರೆಯೇ ಅಂತ ನಾಚಿಕೆಪಟ್ಟು ಮತ್ತಷ್ಟು ಅಳು ಬಂತು.

ಸಾಲದ್ದಕ್ಕೆ ಗಂಡಹೆಂಡಿರ ನಡುವೆ ಜಗಳ. ಬತ್ತಲೆ ಚಿತ್ರಗಳು ಬರುತ್ತಿರುವುದರಿಂದ ಇವರೇ ಎಂಥದೋ ನೋಡಿರಬೇಕು ಅಂತ ನನ್ನ ತಲೆಯಲ್ಲಿ ಹುಳ ಹೊಕ್ಕಿತು.

‘ಖರೇ ಹೇಳ್ರಿ, ನೀವೇನರೆ ನೋಡಾಕತ್ತೀರೇನು ಇದರಾಗ?’

‘ನಾ ಆಲಮಟ್ಟಿಯಿಂದ ಬರೂದರಾಗ ಅರ್ಧಾ ಜೀವಾ ಆಗಿರ್ತೇನಿ. ನೋಡಾಕ ಕಣ್ಣರೆ ಎಲ್ಲಿ ತೆರೀತಾವ? ದಿನಾ ಕುಂಡ್ರಾಕಿ ನೀನು, ನನಗ ಕೇಳ್ತಿ!’

‘ನಾ ಏನ್ ನೋಡ್ತೇನಿ? ನಿಮ್ಮ ತಂಗೀನ್ನ ಹುಡುಕಾಕತ್ತೇನಿ!’

ಅವರ ಮುಂದಿನ ಮಾತೆಲ್ಲ ಅಡ್ಡಗೋಡೆಯ ಮೇಲಿನ ದೀಪ. ಹಾಗೂ ಇದ್ದೀತು, ಹೀಗೂ ಇದ್ದೀತು. ನಾನು ಮಾತು ಬಿಟ್ಟೆ. ‘ಅತ್ತೀ, ನಿಮ್ಮ ಮಗಗ ಹೇಳ್ರಿ, ಊಟಾ ತಯಾರ್ ಐತಿ.’ ‘ಯವ್ವಾ, ನಿನ್ನ ಸೊಸಿಗೆ ಹೇಳು, ಹಸಿವಿಲ್ಲ.’ ಅತ್ತೆ ಇಬ್ಬರ ನಡುವೆ ಕೂತು, ‘ನನಗ ಕಣ್ಣು ಹೊಂಟಾವ, ಕಿವಿ ಇನ್ನೂ ಗಟ್ಟಿ ಅದಾವ. ನೇರ ಮಾತಾಡ್ರಿ, ಹುಚ್ಚಪ್ಯಾಲಿಗೋಳ್ರ್ಯಾ’ ಅಂತ ಬೈದರು.

ಗುಟ್ಟು ರಟ್ಟಾದದ್ದು ಒಂದು ಶುಕ್ರವಾರ. ಆವತ್ತು ಹಿತ್ತಲ ಮನೆಯ ಹೆಣ್ಣುಮಗಳೊಬ್ಬಳು ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು. ಮೂರುಸಂಜೆಯಲ್ಲಿ ಹಾಲುಮೊಸರು ಹೊರಗೆ ಕೊಡುವುದಿಲ್ಲ. ಹಾಗಂತ ‘ಇಲ್ಲ’ ಅನ್ನುವುದೂ ಇಲ್ಲ, ಲಕ್ಷ್ಮಿ ಬಾಗಿಲಿಗೆ ಬರುವ ಹೊತ್ತದು. ಅತ್ತೆಯ ಮನೆಯಲ್ಲಿ ಇದು ಕಲ್ಲಿನಲ್ಲಿ ಕೊರೆದ ಕಟ್ಟಳೆ. ಆ ಹೊತ್ತಿಗೆ ಉಪ್ಪು ತೀರಿದರೂ ತೀರಿತು ಅನ್ನಬಾರದು, ಭಿಕ್ಷೆಯವರು ಬಂದರೂ ಇಲ್ಲ ಅನ್ನಬಾರದು. ನಾನು ಹೊಸ ಸೊಸೆಯಾಗಿ ಬಂದಾಗ ಒಮ್ಮೆ ಬಾಯಿತಪ್ಪಿ ಅಂದು, ಅತ್ತೆಯ ಮುಖ ಬಾಡಿದ್ದು ನೋಡಿ, ಇದೆಲ್ಲ ಯಾವ ಕಾಲದ ಶಾಸ್ತ್ರ ಅಂತ ಮನಸ್ಸಿನಲ್ಲೇ ನಕ್ಕಿದ್ದೆ. ‘ನಾಳೆ ಮುಂಜಾನೆ ಒಯ್ಯವಾ’ ಅಂತ ಆ ಹೆಣ್ಣುಮಗಳನ್ನು ಕಳಿಸಿ, ದೀಪದ ಬತ್ತಿ ಸರಿಮಾಡಿ ಪಡಸಾಲೆಗೆ ಕಾಲಿಟ್ಟೆ.

ಅತ್ತೆ ಮೌಸು ಹಿಡಿದು ಕೂತಿದ್ದರು. ಪರದೆಯ ನಡುವೆ ಒಂದು ಡಬ್ಬಿ. ಇದನ್ನು ಒಳಗೆ ಹಾಕಲೇ ಅಂತ ಕೇಳುವ ಜಾತಿಯದು. ಎಡಕ್ಕೆ ಯೆಸ್, ಪಕ್ಕಕ್ಕೆ ನೋ. ಅತ್ತೆ ಮೂಗು ಗಾಜಿಗೆ ತಾಗುವಂತೆ ಬಾಗಿ, ಬಾಣವನ್ನು ಇರುವೆಯಂತೆ ನಡೆಸಿಕೊಂಡು ಹೋಗಿ ಯೆಸ್ ಒತ್ತಿದರು. ಇನ್ನೊಂದು ಬಂತು. ಅದಕ್ಕೂ ಯೆಸ್.

‘ಅತ್ತೀ! ಏನ್ ಮಾಡಾಕತ್ತೀರಿ?’

‘ಯಾರೋ ಬಂದಾರವಾ. ಹೌದು ಅಂದು ಕಳಿಸಾಕತ್ತೇನಿ.’

‘ನಿಮಗ ಯಾರ್ ಹೇಳಿದ್ರು ಇದನ್ನ ಒತ್ತಂತ?’

‘ನೀನ ಹೇಳಿದ್ದಿಲ್ಲೇನು, ಎಡಗಡಿದು ಹೌದು, ಬಲಗಡಿದು ಬ್ಯಾಡ ಅಂತ?’

ಹೇಳಿದ್ದೆ. ಕಂಪ್ಯೂಟರು ಬಂದ ಹೊಸದರಲ್ಲಿ, ಇದೇನು ಅಂತ ಕೇಳಿದ್ದಕ್ಕೆ.

‘ಅತ್ತೀ, ಹೌದು ಅಂದ್ರ ಅವು ಹೋಗೂದಿಲ್ರಿ! ಒಳಗ ಬಂದು ಕುಂಡ್ರತಾವ! ಅವನ್ನೆಲ್ಲಾ ನೀವ ಕರದು ಕುಂಡ್ರಿಸೀರಿ! ಬ್ಯಾಡ ಅನಬೇಕ್ರಿ, ಬ್ಯಾಡ!’ ನಾನು ಕಿರಿಚಿದ್ದು ಹಿತ್ತಲ ಮನೆಗೂ ಕೇಳಿಸಿರಬೇಕು.

ಅತ್ತೆ ನನ್ನ ದನಿ ಬಂದ ಕಡೆ ತಿರುಗಿದರು. ‘ದೀಪಾ ಹಚ್ಚೂ ಹೊತ್ತಿನ್ಯಾಗ?’

‘ಇವು ಮನುಷ್ಯಾರಲ್ರಿ. ಇವಕ್ಕ ಯಾವ ಹೊತ್ತು?’

‘ಮನುಷ್ಯಾರೋ ದೆವ್ವೋ, ನನಗ ಹೆಂಗ ಗೊತ್ತಾಗಬೇಕು? ಬಾಗಿಲಿಗೆ ಬಂದು ಕೇಳಾಕತ್ತಾವ.’ ಅವರ ದನಿ ಇಳಿಯಿತು. ‘ನನ್ನ ಕೂಸು ಹೋಗಿ ಮಂದಿ ದೇಶದಾಗ, ಮಂದಿ ಬಾಗಿಲದಾಗ ನಿಂತೈತಿ. ಇಲ್ಲಿ ನಾ ಬಂದವರಿಗೆ ಇಲ್ಲ ಅಂದ್ರ ಅಲ್ಲಿ ಆಕಿಗೆ ಯಾರೋ ಇಲ್ಲ ಅಂತಾರ. ಹೌದಂದ್ರ ನನ್ನ ಗಂಟೇನ್ ಹೋಗ್ತೇತಿ?’

ಗಂಟು ಹೋಗುತ್ತಿದ್ದದ್ದು ಅವರದ್ದೇ. ಮಗಳಿಗೆ ಒಳ್ಳೆಯದಾಗಲಿ ಅಂತ ಒತ್ತಿದ ಒಂದೊಂದು ಹೌದೂ ಆ ಮಗಳ ಮುಖದ ಮೇಲೆಯೇ ಬಂದು ಕೂರುತ್ತಿತ್ತು. ಅದನ್ನು ಬಿಡಿಸಿ ಹೇಳಿದರೆ ಅವರು ಆ ಕುರ್ಚಿಯಲ್ಲೇ ಸತ್ತುಹೋಗುತ್ತಿದ್ದರು. ನಾನು ಅವರ ಕಾಲ ಬಳಿ ನೆಲದ ಮೇಲೆ ಕೂತು, ಅವರ ಇಳಕಲ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ‘ಯಾಕವಾ, ಮೈಯಾಗ ಆರಾಮಿಲ್ಲೇನು?’ ಅಂತ ಅವರು ತಲೆ ಸವರಿದರು. ರಾತ್ರಿ ನಮ್ಮ ಮನೆಯವರು ಬಂದಾಗ ನಾನೇ ಹೋಗಿ ಮಾತಾಡಿಸಿದೆ. ಅವರು ಎಲ್ಲ ಕೇಳಿಸಿಕೊಂಡು, ನಗಲಾರದೆ ಅಳಲಾರದೆ, ಚಪ್ಪಲಿ ಬಿಡುವುದನ್ನೂ ಮರೆತು ನಿಂತರು.

ಮರುದಿನ ಮುಂಜಾನೆ, ಇಲ್ಲ ಅನ್ನಲು ಅಡ್ಡಿಯಿಲ್ಲದ ಹೊತ್ತಿನಲ್ಲಿ, ನಾನು ಅತ್ತೆಯನ್ನು ಯಂತ್ರದ ಮುಂದೆ ಕೂರಿಸಿದೆ.

‘ಅತ್ತೀ, ಹೌದೂ ಬ್ಯಾಡ, ಇಲ್ಲಾನೂ ಬ್ಯಾಡ. ಡಬ್ಬಿ ಮ್ಯಾಲಿನ ಮೂಲ್ಯಾಗ ಒಂದು ಕಾಟು ಇರ್ತೇತಿ, ಗುಣಾಕಾರದ ಗುರ್ತಿನಂಗ. ಅದನ್ನ ಒತ್ತಿದ್ರ ನಾಳೆ ಬಾ ಅಂದಂಗ.’

ಅತ್ತೆಯ ಮುಖ ಅರಳಿತು. ‘ಇದು ಬೇಶ್ ಆತು ನೋಡು. ಮೊದಲ ಹೇಳಬಾರದೇನು?’ ಅಂತ ಮೌಸು ಹಿಡಿದರು. ಬಾಣ ಪರದೆಯ ನಡುವೆ ಹೊರಟಿತು, ಮೇಲೆ ಹೋಯಿತು, ಎಡಕ್ಕೆ ಹೋಯಿತು, ಕೆಳಗಿಳಿಯಿತು. ಅವರು ತಲೆಯನ್ನು ಹಕ್ಕಿಯಂತೆ ಅತ್ತ ಇತ್ತ ಹೊರಳಿಸುತ್ತಿದ್ದರು. ಕಾಣುವ ಪಾಂವಲಿಯಷ್ಟು ಜಾಗವನ್ನು ಪರದೆಯ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದರು. ಮೂಲೆ ಅವರಿಗೆ ಸಿಗಲೇ ಇಲ್ಲ. ಕಾಚಬಿಂದು ಮೊದಲು ತಿನ್ನುವುದೇ ಮೂಲೆಗಳನ್ನು.

‘ಮೂಲಿ ಎಲ್ಲೈತವಾ?’ ಅಂದರು ಕಡೆಗೆ.

ನಾನು ಅವರ ಕೈಯನ್ನು ಮೌಸಿನ ಮೇಲಿಂದ ಮೆಲ್ಲಗೆ ತೆಗೆದೆ. ‘ಇರಲಿ ಬಿಡ್ರಿ ಅತ್ತೀ, ನಾ ನೋಡ್ಕೋತೇನಿ.’

ಅವರು ಕೈಯನ್ನು ಮಡಿಲಲ್ಲಿ ಜೋಡಿಸಿಕೊಂಡರು. ‘ಇನ್ನ ನಾ ಮುಟ್ಟೂದಿಲ್ಲ. ನೀ ಏನರೆ ಅಂದ್ಕೊ ಅವಕ್ಕ. ನನ್ನ ಬಾಯಾಗಿಂದ ಮಾತ್ರ ಬರೂದಿಲ್ಲ.’ ಆಮೇಲೆ ‘ಲಗೂ ಮಾಡವಾ’ ಅಂದರು. ಅಷ್ಟು ದಿನಗಳಲ್ಲಿ ಒಮ್ಮೆಯೂ ಅವರು ಆ ಮಾತು ಆಡಿರಲಿಲ್ಲ.

ಬೇಗ ಮಾಡುವುದೆಂದರೆ ಹೇಗೆ? ಸಿಂದಗಿಯವರು ಊರಲ್ಲಿರಲಿಲ್ಲ. ಮುದ್ದೇಬಿಹಾಳದಲ್ಲಿ ಕಂಪ್ಯೂಟರ್ ತರಬೇತಿ ನಡೆಸುವವರೊಬ್ಬರು ನಮ್ಮ ಮನೆಯವರಿಗೆ ಪರಿಚಯ. ಇವರು ಕಚೇರಿಗೆ ರಜೆ ಹಾಕಿದರು. ಯಂತ್ರದ ಡಬ್ಬವನ್ನು ಕೌದಿಯಲ್ಲಿ ಸುತ್ತಿ, ಮುದ್ದೇಬಿಹಾಳದ ಬಸ್ಸಿನಲ್ಲಿ ನನ್ನ ತೊಡೆಯ ಮೇಲಿಟ್ಟುಕೊಂಡು ಹೋದೆ. ರಸ್ತೆಯ ಗುಂಡಿ ಬಂದಾಗಲೆಲ್ಲ ಕೂಸನ್ನು ಅವುಚಿದಂತೆ ಅವುಚಿಕೊಂಡೆ. ಪಕ್ಕದ ಸೀಟಿನ ಮುದುಕ ಕೌದಿ ನೋಡಿ, ‘ಕೂಸಿಗೆ ಏನಾಗೇತವಾ?’ ಅಂದ. ‘ಬ್ಯಾಡಾದವರು ಹೊಕ್ಕಾರಜ್ಜಾ’ ಅಂದೆ. ಅವನು ಕನಿಕರದಿಂದ ತಲೆಯಾಡಿಸಿ, ‘ಯಾರರೆ ಬಲ್ಲವರ ಕಡೆ ತಾಯತಾ ಕಟ್ಟಸ್ರಿ’ ಅಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ತರಬೇತಿಯವರು ಎಲ್ಲ ಬೇರುಸಹಿತ ಕಿತ್ತು, ಹೊಸದಾಗಿ ಹಾಕಿ, ಪಾಪ್-ಅಪ್‌ಗಳನ್ನು ತಾನೇ ಬಾಗಿಲಲ್ಲಿ ತಡೆಯುವ ಹೊಸ ಬ್ರೌಸರನ್ನು ಕೂರಿಸಿದರು. ನಾನು ಪಕ್ಕದಲ್ಲಿ ಕೂತು ಒಂದೊಂದನ್ನೂ ಕೇಳಿ ಮಾಡಿಸಿದೆ. ‘ಒಂದೂ ಬರಬಾರದ್ರಿ. ಒಂದ ಒಂದು ಬಂದ್ರೂ ನಾ ಇದನ್ನ ತಂದು ನಿಮ್ಮ ಬಾಗಿಲದಾಗ ಒಗೀತೇನಿ’ ಅಂದೆ. ಅವರು ನಕ್ಕರು. ನಮ್ಮ ಮನೆಯವರು, ‘ಇಂಡಿ ಊರಾಕಿರಿ, ಖರೇನ ಒಗೀತಾಳ’ ಅಂದರು.

ಮುಂದಿನ ಶುಕ್ರವಾರ ಇವರೂ ಮನೆಯಲ್ಲಿ ಇರಬೇಕಾಗಿತ್ತು, ಕಚೇರಿಯಿಂದ ಬಿಡಲಿಲ್ಲ. ಅತ್ತೆಯ ಹಣೆಗೆ ನಾನೇ ವಿಭೂತಿ ಹಚ್ಚಿದೆ. ಆ ವಾರ ಅವರು ಗೋಡೆ ಹಿಡಿದು ಓಡಾಡುತ್ತಿದ್ದರು. ಯಾಕೆ ಅಂದರೆ ಮೊಣಕಾಲು ನೋವು ಅಂದಿದ್ದರು. ದೀಪವನ್ನು ಮೊದಲೇ ಹಚ್ಚಿ, ಹಾಲು ಇಳಿಸಿ, ನಾನು ಯಂತ್ರದ ಮುಂದಿಂದ ಕದಲದೆ ಕೂತೆ. ಫೋನು ಕಿರಿಚಿತು, ಹತ್ತಿತು. ಡಬ್ಬಿ ಬರಲಿಲ್ಲ. ನಾದಿನಿಯ ಹೆಸರು ಮಿನುಗಿತು. ಡಬ್ಬಿ ಬರಲಿಲ್ಲ. ಚಿತ್ರ ಇಳಿಯತೊಡಗಿತು. ಕೂದಲು, ಹಣೆ, ಹುಬ್ಬು, ಕಣ್ಣು. ಮೂಗು ಬಂತು, ನಗುತ್ತಿದ್ದ ಬಾಯಿ ಬಂತು, ಗಲ್ಲ ಬಂತು. ಯಾರೂ ಅಡ್ಡ ಬರಲಿಲ್ಲ. ಅಯ್ಯೋ ಶಿವನೇ, ಪೂರ್ತಿ ಮುಖ! ಅವಳು ಕಣ್ಣು ಪಿಳುಕಿಸಿದಳು!

‘ಯವ್ವಾ, ಕಾಣಸ್ತೇನೇನಬೇ?’

‘ಕಾಣಸ್ತೀ ನನ್ನವ್ವಾ, ಚಂದಂಗ ಕಾಣಸ್ತಿ’ ಅಂದರು ಅತ್ತೆ.

ಗೆದ್ದೆ ಅಂತ ನಾನು ಅವರ ಕಡೆ ತಿರುಗಿದೆ. ಅವರ ಮುಖದ ತುಂಬ ನಗೆಯಿತ್ತು. ಆದರೆ ಆ ಮುಖ ಪರದೆಯ ಕಡೆ ಇರಲಿಲ್ಲ. ಮೇಜಿನ ಎಡತುದಿಯಲ್ಲಿದ್ದ ಸ್ಪೀಕರಿನ ಕಡೆ ಇತ್ತು, ಮಗಳ ದನಿ ಬರುತ್ತಿದ್ದ ಕಡೆ. ಅವರ ಗಲ್ಲ ಹಿಡಿದು ಮೆಲ್ಲಗೆ ಪರದೆಯ ಕಡೆ ತಿರುಗಿಸಿದೆ. ಬೆಳಕೆಲ್ಲ ಅವರ ಕಣ್ಣ ಮೇಲೆ ಬಿತ್ತು. ಆ ಕಣ್ಣುಗಳು ಅದನ್ನು ಹಿಡಿಯಲಿಲ್ಲ. ಅವರ ಕೈ ತಡಕಾಡಿ ನನ್ನ ಮಣಿಕಟ್ಟನ್ನು ಹಿಡಿಯಿತು, ಬಳೆ ಒತ್ತಿ ನೋಯುವಷ್ಟು ಗಟ್ಟಿಯಾಗಿ.

‘ನನ್ನ ಕೊಳ್ಳಾಗಿಂದು ನೋಡಿದೇನಬೇ?’ ಅಂದಳು ನಾದಿನಿ. ‘ನಿನಗ ತೋರಸಬೇಕಂತ ಹಾಕ್ಕೊಂಡು ಕುಂತೇನಿ. ಹೆಂಗೈತಿ ಹೇಳು?’

ಈ ಪ್ರಶ್ನೆಗೆ ಬರೀ ಹೌದು ಸಾಲದು. ನಾನು ಅವರ ಸೆರಗು ಸರಿಮಾಡುವವಳಂತೆ ಬಾಗಿ ಕಿವಿಯಲ್ಲಿ ಅಂದೆ, ‘ಹಸರ ಹಳ್ಳಿನ ಸರ.’

‘ಹಸರ ಹಳ್ಳು ನಿನಗ ಒಪ್ಪೇತಿ ನೋಡು’ ಅಂದರು ಅತ್ತೆ. ‘ಮಾರಿಗೆ ಕಳಾ ಬಂದೈತಿ.’

ಅಲ್ಲಿ ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು, ಹಸಿರು ಹರಳಿನ ಆ ಸರವನ್ನು ಕ್ಯಾಮೆರಾದ ಹತ್ತಿರ ಎತ್ತಿ ಹಿಡಿದಳು. ‘ಸೊರಗೇನೇನಬೇ?’ ಅಂದಳು. ‘ತುಂಬ್ಕೊಂಡೀಯವ್ವಾ’ ಅಂದರು ಅತ್ತೆ. ತಾಯಿಮಗಳು ಹಾಗೆ ಎಷ್ಟು ಹೊತ್ತು ಮಾತಾಡಿದರೋ! ಅಷ್ಟು ಹೊತ್ತೂ ನನ್ನ ಬಾಯಿ ಅವರ ಕಿವಿಯ ಬಳಿಯೇ ಇತ್ತು. ಕೂದಲು ಹಿಂದಕ್ಕೆ ಕಟ್ಟ್ಯಾಳ. ಬಿಳಿ ಅಂಗಿ ಐತಿ. ಹಿಂದ ಕಿಟಕಿ ಕಾಣ್ತೇತಿ. ಅತ್ತೆ ನಾನು ಹೇಳಿದ್ದನ್ನು ಒಂದೊಂದಾಗಿ ಕಂಡವರಂತೆ ಹೇಳಿದರು. ನಾನು ಅಷ್ಟೆಲ್ಲ ಗುದ್ದಾಡಿ ಬಿಡಿಸಿದ ಆ ಮುಖ ಎದುರಿಗೇ, ಕೈಯಳತೆಯಲ್ಲಿ, ನಿರ್ಮಲವಾಗಿ ಬೆಳಗುತ್ತಿತ್ತು.

ಕಡೆಗೆ ಅತ್ತೆ, ‘ಇನ್ನ ನಿಮ್ಮ ವೈನಿ ಜೋಡಿ ಮಾತಾಡವಾ’ ಅಂದು ಎದ್ದರು. ಗೋಡೆ ಸವರುತ್ತ ದೇವರ ಜಗುಲಿಯ ಕಡೆ ಹೋಗಿ, ದೀಪದ ಬಿಸಿ ತಾಗುವಷ್ಟು ಹತ್ತಿರ ಕೂತರು.

ನಾದಿನಿ ಕಣ್ಣೊರೆಸಿಕೊಂಡು ಕ್ಯಾಮೆರಾಕ್ಕೆ ಇನ್ನಷ್ಟು ಸರಿದಳು. ಅವಳು ನರ್ಸು. ದಿನವೆಲ್ಲ ರೋಗಿಗಳ ಕಣ್ಣು ನೋಡುವವಳು. ದನಿ ಇಳಿಸಿ ಕೇಳಿದಳು, ‘ವೈನಿ, ಖರೇ ಹೇಳ್ರಿ. ಅವ್ವಗ ನಾ ಕಾಣಿಸಿದ್ನೋ, ಇಲ್ಲೋ?’

ಆ ವರ್ಷವೆಲ್ಲ ನಾನು ಆ ಪರದೆಯ ಮೇಲೆ ಬಂದು ಕೇಳಿದವರಿಗೆಲ್ಲ ಇಲ್ಲ ಅಂದಿದ್ದೆ. ಬೈದು ಅಂದಿದ್ದೆ, ಗುದ್ದಿ ಅಂದಿದ್ದೆ. ಈಗ ಕೇಳುತ್ತಿದ್ದವಳು ಮಂದಿಯ ಬಾಗಿಲಲ್ಲಿ ನಿಂತಿದ್ದ ನಮ್ಮ ಹುಡುಗಿ. ಹಿಂದೆ ಜಗುಲಿಯಲ್ಲಿ ದೀಪ ಉರಿಯುತ್ತಿತ್ತು. ಅತ್ತೆ ಅದರ ಪಕ್ಕದಲ್ಲಿ ಕಿವಿಗೊಟ್ಟು ಕೂತಿದ್ದರು.

‘ಹೌದವಾ’ ಅಂದೆ. ‘ಕಾಣಿಸಿದಿ.’